ಕಾಲಂ ಹದಿನಾಲ್ಕು

ಸೊಂಟದ ಮೂಳೆ ಮುರಿದದ್ದು ಮಂಗಳವಾರ,
ನಾನು ಬಸ್ಸು ಓಡಿಸುವ ಡಿಪೋದ ಹಿಮಗಟ್ಟಿದ ಮೆಟ್ಟಿಲಲ್ಲಿ,
ನನಗೇ ಬುತ್ತಿ ತರುತ್ತಿದ್ದಾಗ.
ಬುಧವಾರ ಬೆಳಿಗ್ಗೆ ವುಲ್ವರ್‌ಹ್ಯಾಂಪ್ಟನ್ನಿನ ಆಸ್ಪತ್ರೆಯಲ್ಲಿ
ಅಬೇನಾ ಎಂಬ ನರ್ಸು ಕಂಪ್ಯೂಟರಿನ ಗಾಡಿ ತಳ್ಳಿಕೊಂಡು ಬಂದು
ಹೆಸರು, ಹುಟ್ಟಿದ ದಿನ, ನುಂಗುವ ಮಾತ್ರೆ,
ಹಲ್ಲು ಸ್ವಂತದ್ದೋ ಕಟ್ಟಿಸಿದ್ದೋ, ಎಲ್ಲ ಕೇಳಿ
ಬೆರಳು ನಿಲ್ಲಿಸಿದಳು: ಧರ್ಮ?

ನಾನು ದುಭಾಷಿ. ಕನ್ನಡಕ್ಕೆ ತಿರುಗಿಸಿದೆ.
ಅಮ್ಮ ಛಾವಣಿ ನೋಡುತ್ತ ಕೇಳಿದಳು:
"ಯಾವ ವರ್ಷದ್ದು ಬೇಕಂತೆ?"

ಮಾಲೂರಿನ ಹತ್ತಿರದ ಹಟ್ಟಿಯಲ್ಲಿ ಅವಳು ಚಿಕ್ಕಮುನಿಯಮ್ಮ.
ಊರ ಬಾವಿಗೆ ಅವಳ ನೆರಳೂ ಮೈಲಿಗೆ.
ಹನ್ನೊಂದಕ್ಕೆ ಚಿನ್ನದ ಗಣಿಯ ಲೈನು ಮನೆಗೆ ಬಂದಮೇಲೆ
ಪಾದ್ರಿ ನೆತ್ತಿಗೆ ನೀರು ಹಾಕಿ ರೆಬೆಕ್ಕ ಅಂದ.
ತಣ್ಣಗಿತ್ತಂತೆ ನೀರು. ಮೊದಲ ಸಲ ಯಾರೋ
ಎತ್ತರದಿಂದ ಸುರಿಯದೆ, ಹತ್ತಿರ ನಿಂತು, ಅಂಗೈಯಿಂದ.
ಅಷ್ಟಕ್ಕೇ ಹದಿನೆಂಟು ವರ್ಷ ಆ ದೇವರ ಜೊತೆ ಬಾಳಿದೆ
ಅನ್ನುತ್ತಾಳೆ, ಬಿಟ್ಟುಬಂದ ಗಂಡನ ಮಾತಾಡುವ ಹಾಗೆ.

ಅಜ್ಜಿಗೆ ಗುಂಡಿ ತೋಡಲು ಹೋದಾಗ
ಸಿಮಿಟ್ರಿಯ ನಡುವೆ ಮೊಣಕಾಲೆತ್ತರದ ಗೋಡೆ.
ಆ ಕಡೆ ಕಣಗಿಲೆ ಹೂವು, ಈ ಕಡೆ ನಾವು.
ಆ ರಾತ್ರಿ ಅಪ್ಪ ಬೈಬಲ್ಲು ಹರಿಯಲಿಲ್ಲ, ಸುಡಲಿಲ್ಲ,
ಹಳೆಯ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ.
ಮುಂದಿನ ಅಕ್ಟೋಬರಿಗೆ ಬಿಳಿ ಸೀರೆ,
ಬಯಲಲ್ಲಿ ಸಾಲಾಗಿ ಕೂತು ಇಪ್ಪತ್ತೆರಡು ಪ್ರತಿಜ್ಞೆ.
ಅಮ್ಮ ಸುಜಾತ ಆದಳು, ಮೇರಿ ಎಂಬ ನಾನು ಮೈತ್ರಿ.
ಹತ್ತೊಂಬತ್ತರ ತನಕ ಹೇಳಿದಳಂತೆ, ಕೆಮ್ಮು ಬಂತು.
ಉಳಿದ ಮೂರು ಇನ್ನೂ ಬಾಕಿ.

ಇಲ್ಲಿಯೂ ಕರೆದವರು ಕಡಿಮೆಯೇನಲ್ಲ.
ಶನಿವಾರ ಬಾಗಿಲು ತಟ್ಟುವ ಇಬ್ಬರು ಬಿಳಿ ಮುದುಕಿಯರಿಗೆ
ಟೀ ಕೊಟ್ಟು, ನನ್ನಿಂದ ಒಂದೇ ಪ್ರಶ್ನೆ ಕೇಳಿಸಿದಳು:
ನಿಮ್ಮ ಸಿಮಿಟ್ರಿಯಲ್ಲಿ ಗೋಡೆ ಅದಾ?
ಇದೆ, ನರಿಗಳ ಕಾಟ ನೋಡಿ, ಅಂದರು ಅವರು.
ಅಮ್ಮ ಬಿಸ್ಕತ್ತಿನ ಡಬ್ಬಿ ಮುಚ್ಚಿದಳು.
ದೀಪಾವಳಿಗೆ ಕರೆಯಲು ಬಂದ ಕನ್ನಡದವರು
ಯಾವ ಕಡೆಯವರು ನೀವು, ಅಂದರು.
ಕೋಲಾರದ ಕಡೆ, ಅಂದೆ.
ಅದಲ್ಲ, ಅಂದರು.

ಅಬೇನಾ ಕಾಯುತ್ತಿದ್ದಾಳೆ. ಕಾಲಂ ಹದಿನಾಲ್ಕರ ಪಕ್ಕ ಕೆಂಪು ಚುಕ್ಕಿ,
ತುಂಬದೆ ಮುಂದಿನ ಪುಟಕ್ಕೆ ಬಿಡುವುದಿಲ್ಲ.
ಊಟಕ್ಕೆ ಬೇಕು, ಅಂದಳು, ಮತ್ತೆ,
ಏನಾದರೂ ಹೆಚ್ಚುಕಡಿಮೆಯಾದರೆ ಯಾರನ್ನು ಕರೆಯಲಿ ಅಂತ.
"ಊಟ ಬಿಸಿ ಇರ್ಲಿ ಅಂತ ಬರ್ಕೊಳ್ಳಕ್ಕೆ ಏಳು.
ಎಚ್ಚುಕಮ್ಮಿ ಆದ್ರೆ ಡಾಕ್ಟ್ರನ್ನ ಕರೀಲಿ."

ಏನೂ ಇಲ್ಲ ಅಂತ ಹಾಕಿಸಲಾ, ದೇವರಿಲ್ಲ ಅನ್ನೋರ ಪೈಕಿ?
"ಇಲ್ಲ ಅಂದೋರ್ ಯಾರು? ಇದ್ರೆ ಇರ್ಲಿ ಪಾಪ.
ನಾನು ಓಗಲ್ಲ, ಅಷ್ಟೆ."

ಅಬೇನಾ ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ ಎಳೆದು
ತಳದಲ್ಲಿ ಒಂದು ಪದ ತೋರಿಸಿದಳು. ಇತರೆ, ಅಂದೆ ನಾನು.
ಅಮ್ಮ ನಕ್ಕಳು, ಸೊಂಟ ಹಿಡಿದುಕೊಂಡು, ನೋವಿನಲ್ಲೇ:
"ಮೊದ್ಲೇ ಏಳ್ಬಾರ್ದಾ? ಅದು ನಮ್ದೇ,
ಉಟ್ಟಿದಾಗ್ಲಿಂದ."

ಆಪರೇಷನ್ ಆಗುವವರೆಗೆ ನೀರು ಕುಡಿಯುವಂತಿಲ್ಲ.
ಅಬೇನಾ ಬಟ್ಟಲಲ್ಲಿ ಪುಟ್ಟ ಸ್ಪಂಜು ಅದ್ದಿ,
ಬಗ್ಗಿ, ಗದ್ದ ಹಿಡಿದು, ತುಟಿ ಒದ್ದೆ ಮಾಡಿದಳು.
ಅಮ್ಮ ಕಣ್ಣು ಮುಚ್ಚಿ
"ತಣ್ಣಗದೆ" ಅಂದಳು.
ಏನು ಹೇಳಿದರು, ಎಂದು ಅಬೇನಾ ನನ್ನ ಕಡೆ ನೋಡಿದಳು.
ಎರಡೂ ಭಾಷೆ ಬರುತ್ತಿದ್ದ ನಾನು
ಸುಮ್ಮನಿದ್ದೆ.